ಸಂಗಮ್ಮ ಎರೆದ ಕೂಸು

ಅಂಬಡ್‌ನ ಬಾಡಿಗೆ ಕೋಣೆಯಾಗಲಿ, ಓಝರ್‌ನ ವಿಮಾನ ಕಾರ್ಖಾನೆಯ ಕ್ವಾರ್ಟರ್ಸ್ ಆಗಲಿ, ನಾಸಿಕದ ಕನ್ನಡದವರ ಮನೆಯಲ್ಲಿ ಕೂಸು ಹುಟ್ಟಿತೆಂದರೆ ಊರಿಗೆ ಫೋನು ಹೋಗುವ ಮೊದಲು ಸಂಗಮ್ಮನಿಗೆ ಕರೆ ಹೋಗುತ್ತಿತ್ತು. ಊರಿನವರಿಗೆ ನಾಳೆ ಹೇಳಿದರೂ ನಡೆದೀತು. ಸಂಗಮ್ಮನಿಗೆ ನಾಳೆ ಹೇಳಿದರೆ ಬೇರೆ ಯಾರದೋ ಕೂಸು ಅವಳ ಕಾಲ ಮೇಲೆ ಮಲಗಿರುತ್ತಿತ್ತು. ಬೆಳಿಗ್ಗೆ ಏಳರಿಂದ ಹನ್ನೊಂದರ ತನಕ ನಾಲ್ಕು ಮನೆ. ಐದನೆಯವರು ಕೈ ಮುಗಿದರೂ ಇಲ್ಲ.

ಅವಳ ಕೆಲಸಕ್ಕೆ ಬೀದರ್ ಕಡೆಯವರು ಎರೆಯುವುದು ಅನ್ನುತ್ತಾರೆ. ನಾಲ್ಕು ತಂಬಿಗೆ ನೀರು ಹೊಯ್ದು ಏಳುವ ಕೆಲಸ ಅದಲ್ಲ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಕಾಲುಗಳು ಕೂಡುವ ತಗ್ಗಿನಲ್ಲಿ ಕೂಸನ್ನು ಮಲಗಿಸಬೇಕು. ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ಎದೆಯಿಂದ ತೋಳಿಗೆ, ತೊಡೆಯಿಂದ ಪಾದಕ್ಕೆ ನೀವಬೇಕು, ಮೂಗು ತೀಡಬೇಕು, ತಲೆ ದುಂಡಗೆ ಮಾಡಬೇಕು. ಆಮೇಲೆ ಕಡಲೆ ಹಿಟ್ಟು, ಬಿಸಿನೀರು, ಕೆಂಡದ ಮೇಲೆ ಓಮದ ಹೊಗೆ. ಕೂಸು ಮೊದಲು ಓಣಿಗೆಲ್ಲ ಕೇಳುವಂತೆ ಅಳುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಆಮೇಲೆ ಮಲಗುತ್ತದೆ. ಎಷ್ಟು ಹೊತ್ತು ಮಲಗಿತು ಎಂಬುದರ ಮೇಲೆ ಎರೆದವಳಿಗೆ ಮಾರ್ಕ್ಸು. "ನಾ ಎರದ ಕೂಸು ನಾಕ ತಾಸು ಕಣ್ ತೆಗ್ಯಾಂಗಿಲ್ಲ" ಎಂದು ಸಂಗಮ್ಮ ಹೋದಲ್ಲೆಲ್ಲ ಜಂಬ ಕೊಚ್ಚುತ್ತಿದ್ದಳು. ಜಂಬವಾದರೂ ಸುಳ್ಳಾಗಿರಲಿಲ್ಲ.

ಅವಳದೊಂದು ಕಟ್ಟಳೆ ಇತ್ತು. ಎರೆಯುವಾಗ ಕೂಸಿನ ತಾಯಿ ಹತ್ತಿರ ಸುಳಿಯಬಾರದು. ಹಸಿ ಮೈಯ ಬಾಣಂತಿ ನೀರಿಗೆ ಕೈ ಇಟ್ಟರೆ ಥಂಡಿ ಹತ್ತುತ್ತದೆ, ಆ ಥಂಡಿ ಹಾಲಿಗೆ ಇಳಿಯುತ್ತದೆ, ಹಾಲಿನಿಂದ ಕೂಸಿಗೆ. ಮೂರು ತಿಂಗಳು ಹೀಗೆ. ಓಝರ್ ಕ್ವಾರ್ಟರ್ಸಿನಲ್ಲಿ ನಾರಾಯಣಸ್ವಾಮಿ ಇಂಜಿನಿಯರ ಸೊಸೆ ರಂಜನಿ, ಮೈಸೂರು ಕಡೆಯ ಹುಡುಗಿ, ಒಂದು ಬೆಳಿಗ್ಗೆ ಬಚ್ಚಲ ಬಾಗಿಲಿಗೆ ಬಂದು ನಿಂತಳು. "ಸಂಗಮ್ಮ, ಇವತ್ತು ಎಣ್ಣೆ ನಾನೇ ಹಚ್ಚಲಾ? ತಾಯಿ ಕೈಯಲ್ಲಿ ಮಾಡಿದ್ರೆ ಮಗು ಚೆನ್ನಾಗಿ ತೂಕ ಹಿಡಿಯುತ್ತೆ, ತಾಯಿಗೂ ಅದಕ್ಕೂ ಬೇಗ ಹೊಂದಿಕೆ ಆಗುತ್ತೆ ಅಂತ ಡಾಕ್ಟರ್ ಹೇಳಿದ್ರು."

"ಡಾಕ್ಟರ್ ಏನು ಹಡದಾನೇನ್ರಿ? ನೀವು ಕಿವಿಗಿ ಹತ್ತಿ ಇಟಗೊಂಡು ಮಲಕೋ ಹೋಗ್ರಿ."

ರಂಜನಿಯ ಅತ್ತೆ ನಕ್ಕಳು, ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಎರೆದು ಒರೆಸಿ ತಾಯಿಯ ಕೈಗೆ ಕೊಟ್ಟರೆ ಕೂಸು ಕಿರುಚಿತು, ಸಂಗಮ್ಮ ಮಾತಾಡಿದ ಕಡೆಗೆ ಕತ್ತು ಹೊರಳಿಸಿತು. ಸಂಗಮ್ಮನಿಗೆ ಒಳಗೊಳಗೇ ಹಿಗ್ಗು. ಆ ಹಿಗ್ಗು ಒಳ್ಳೆಯದಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಥದೇ ಬಾಗಿಲಲ್ಲಿ ಅವಳೂ ಒಂದು ಕಾಲದಲ್ಲಿ ನಿಂತವಳೇ.

ಅದು ಭಾಲ್ಕಿಯಲ್ಲಿ, ಎಂಬತ್ತಾರನೆಯ ಇಸವಿಯಲ್ಲಿ. ಸಂಗಮ್ಮನಿಗೆ ತಾಯಿ ಇರಲಿಲ್ಲ, ಹಾಗಾಗಿ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಎರೆದವಳು ಅತ್ತೆ ಪ್ರೇಮಾಬಾಯಿ. ಹೊರಸಿನ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತ ಹತ್ತೊಂಬತ್ತರ ಸಂಗಮ್ಮ ತನ್ನ ಮಗಳನ್ನು ಅರ್ಧ ತೆರೆದ ಬಾಗಿಲಿನಿಂದ ನೋಡುತ್ತಿದ್ದಳು. ಅತ್ತೆಯ ಕೈ ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೆಬ್ಬೆರಳು, ಎಲ್ಲಿ ಅಂಗೈ ಎಂದು ಮೂರು ತಿಂಗಳು ಕಣ್ಣಲ್ಲೇ ಕಲಿತಳು. ನಾನೊಮ್ಮೆ ಎರೆಯಲೇ ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: "ಥಂಡಿ ಹತ್ತತದ, ಬ್ಯಾಡ." ಹಾಲಿಗೆ ಮಾತ್ರ ಕೂಸು ಅವಳ ಹತ್ತಿರ ಬರುತ್ತಿತ್ತು. ಹೊಟ್ಟೆ ತುಂಬಿತೋ, ಪ್ರೇಮಾಬಾಯಿಯ ಮಡಿಲಿಗೆ.

ಅಷ್ಟರಲ್ಲಿ ಗಂಡ ಚನಬಸಪ್ಪನಿಗೆ ಅಂಬಡ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಅವನಿಗೆ ರೊಟ್ಟಿ ಬಡಿಯುವವರು ಬೇಕಲ್ಲ, ಸಂಗಮ್ಮ ಹೊರಟಳು. ಕೂಸು ಇಲ್ಲಿರಲಿ, ಹಲ್ಲು ಬಂದ ಮೇಲೆ ಒಯ್ಯಿರಿ ಎಂದಳು ಪ್ರೇಮಾಬಾಯಿ. ಹಲ್ಲು ಬಂದವು, ಬಿದ್ದವು, ಮತ್ತೆ ಬಂದವು. ಏಳು ತುಂಬಿದ ಮೇಲೆ ವೈಷ್ಣವಿ ನಾಸಿಕಕ್ಕೆ ಬಂದಾಗ ಅವಳ ಬಾಯಲ್ಲಿ ಅವ್ವ ಅಂದರೆ ಅಜ್ಜಿ. ಹಡೆದವಳನ್ನು ಮನೆಯ ಮೈದುನಂದಿರು ಕರೆದ ಹಾಗೆ ವೈನಿ ಎನ್ನುತ್ತಿದ್ದಳು, ಅಂದರೆ ಅತ್ತಿಗೆ. ಕೇಳಿದವರೆಲ್ಲ ನಕ್ಕರು. ಕೂಸಿನ ಬಾಯಿ, ದೊಡ್ಡದಾದ ಮೇಲೆ ತಿರುಗುತ್ತದೆ ಬಿಡು ಎಂದರು. ತಿರುಗಲಿಲ್ಲ.

ಮಗಳಿಗೆ ಹತ್ತು ತುಂಬುವ ಮೊದಲೇ ಚನಬಸಪ್ಪ ಕಾಮಾಲೆಯಾಗಿ ತೀರಿಕೊಂಡ. ಹೊಟ್ಟೆಪಾಡಿಗೆ ಸಂಗಮ್ಮನಿಗೆ ಬರುತ್ತಿದ್ದ ವಿದ್ಯೆ ಒಂದೇ, ಅತ್ತೆಯಿಂದ ಕದ್ದು ಕಲಿತದ್ದು. ತನ್ನ ಕೂಸನ್ನು ಕಸಿದುಕೊಂಡವಳ ಕೈಯೇ ಅವಳಿಗೆ ಅನ್ನ ಕೊಟ್ಟಿತು. ಊರ ಮಕ್ಕಳಿಗೆಲ್ಲ ಎಣ್ಣೆ ನೀವಲು ಏಳಕ್ಕೆ ಮನೆ ಬಿಟ್ಟವಳಿಗೆ ತನ್ನ ಮಗಳ ಜಡೆ ಹಾಕಲು ಹೊತ್ತೆಲ್ಲಿ? ವೈಷ್ಣವಿ ತನ್ನ ಜಡೆ ತಾನೇ ಹಾಕಿಕೊಳ್ಳುವುದು ಕಲಿತಳು. ಕ್ರಮೇಣ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದು ಕಲಿತಳು. ಜಗಳವಿರಲಿಲ್ಲ, ಮುನಿಸಿರಲಿಲ್ಲ. ಬಾಡಿಗೆಗೆ ಇರುವವರು ಮನೆಯೊಡತಿಯ ಜೊತೆ ಇರುವ ಹಾಗೆ ಮರ್ಯಾದೆಯಿಂದ ಇದ್ದಳು. ಜಗಳವಾದರೂ ಆಡಿದ್ದರೆ ಚೆನ್ನಾಗಿತ್ತು.

ಮುಂದೆ ಅವಳಿಗೆ ಕಲಬುರಗಿ ಕಡೆಯ ರವಿಕಾಂತನ ಜೊತೆ ಮದುವೆಯಾಯಿತು. ಅವನಿಗೆ ಔರಂಗಾಬಾದಿನ ಚಿಕಲಠಾಣಾದಲ್ಲಿ ಕಾರ್ಖಾನೆಯ ಕೆಲಸ, ಹತ್ತಿರದಲ್ಲೇ ಎರಡು ಕೋಣೆಯ ಮನೆ. ಎರಡು ಸಾವಿರದ ಹನ್ನೊಂದರ ಜನವರಿಯಲ್ಲಿ, ಸಂಕ್ರಾಂತಿಯ ಚಳಿಯಲ್ಲಿ, ವೈಷ್ಣವಿ ಏಳೂವರೆ ತಿಂಗಳಿಗೇ ಹೊಟ್ಟೆ ಕೊಯ್ಸಿಕೊಂಡು ಹಡೆದಳು. ಹೆಣ್ಣು ಕೂಸು, ತೂಕ ಒಂದು ಕಿಲೋ ಆರುನೂರು. ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಒಂದು ಎಂಟುನೂರಾದ ಮೇಲೆ ಮನೆಗೆ ಕೊಟ್ಟರು. ಚೊಚ್ಚಲ ಬಾಣಂತನ ತವರಿನ ಹಕ್ಕು, ಆದರೆ ಅಷ್ಟು ಸಣ್ಣ ಕೂಸನ್ನು ನಾಸಿಕದ ತನಕ ಬಸ್ಸಿನಲ್ಲಿ ಒಯ್ಯುವುದು ಆಗದ ಮಾತು. ಸಂಗಮ್ಮ ತನ್ನ ನಾಲ್ಕು ಮನೆ ಬಿಟ್ಟು, ಓಮ, ಕಡಲೆ ಹಿಟ್ಟು, ತಾನು ಕೂರುವ ಮಣೆ, ಎಲ್ಲ ಗಂಟು ಕಟ್ಟಿಕೊಂಡು ತಾನೇ ಬಂದಳು.

ಅವಳಿಗೆ ಇದ್ದದ್ದು ಒಂದೇ ಆಸೆ. ಈ ಕೂಸಿಗೆ ತಾನು ಎರೆಯಬೇಕು, ಮಗಳು ಎದುರಿಗೆ ಕೂತು ನೋಡಬೇಕು. ಇಪ್ಪತ್ತೈದು ವರ್ಷದ ಹಿಂದೆ ತನಗೆ ಎರೆಯಲಾಗದೆ ಹೋದದ್ದು ಮೊಮ್ಮಗಳ ಮೂಲಕವಾದರೂ ಮಗಳಿಗೆ ಮುಟ್ಟಬೇಕು. ಬಾಯಿಬಿಟ್ಟು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಕೈಯಿಂದ ಮಾಡಿ ತೋರಿಸಲು ಬರುತ್ತಿತ್ತು.

ಮಗಳು ಮೊದಲ ದಿನವೇ ತಡೆದಳು. "ವೈನಿ, ಎರಡೂವರೆ ಕಿಲೋ ಆಗೂ ತನಕ ಮೈಮ್ಯಾಲ ನೀರ ಹಾಕಂಗಿಲ್ಲ. ಹಸಿ ಬಟ್ಟಿಲೆ ಒರಸಬೇಕು ಅಷ್ಟೇ. ಎಣ್ಣಿ ನಾನೇ ಹಚ್ಚಬೇಕು, ಹಗೂರಕ, ಹತ್ತ ಮಿನಿಟ. ಎರಡು ತಾಸಿಗೊಮ್ಮೆ ಎಬ್ಬಿಸಿ ಹಾಲು. ನರ್ಸ್ ಬರದು ಕೊಟ್ಟಾಳ."

"ನೀ ಹಚ್ಚಾಕಿ? ಹಸಿ ಬಾಣಂತಿ?"

"ಹೌದು, ನಾನೇ."

ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ಹಾಸಿಗೆಯ ಮೇಲೆ ದಿಂಬಿಗೆ ಒರಗಿ, ವೈಷ್ಣವಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಬೆನ್ನಿಗೆ ಹಚ್ಚಿದವಳು ತೋಳು ಮರೆಯುತ್ತಿದ್ದಳು, ತೋಳಿಗೆ ಬಂದವಳು ಚೀಟಿ ನೋಡುತ್ತಿದ್ದಳು. ಸಂಗಮ್ಮನ ಕೈ ತುರಿಸುತ್ತಿತ್ತು. "ಕೂಸಿಗಿ ಹಚ್ಚಲಕತ್ತೀಯೋ, ಹಪ್ಪಳಕ್ಕ ಹಚ್ಚಲಕತ್ತೀಯೋ?" ಎಂದು ಒಮ್ಮೆ ಅಂದೇಬಿಟ್ಟಳು. ಮಗಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಆದರೆ ವಾರ ಕಳೆಯುವಷ್ಟರಲ್ಲಿ ಕೂಸು ನೂರೈವತ್ತು ಗ್ರಾಂ ಹೆಚ್ಚಾಗಿತ್ತು. ಎಣ್ಣೆಯ ಬಟ್ಟಲು ಇಟ್ಟ ಸಪ್ಪಳಕ್ಕೇ ಕಾಲು ಆಡಿಸುತ್ತಿತ್ತು. ಅಳುವಾಗ ವೈಷ್ಣವಿ ಎದೆಯ ಮೇಲೆ ಅಂಗೈ ಇಟ್ಟರೆ ಸಾಕು, ಗಪ್‌ಚಿಪ್. ಸಂಗಮ್ಮ ಎತ್ತಿಕೊಂಡರೆ ಮಾತ್ರ ಮತ್ತೆ ರಾಗ. ನೂರು ಕೂಸು ಸುಮ್ಮನಾಗಿಸಿದವಳಿಗೆ ಇದು ಸಣ್ಣ ಅವಮಾನವೇ? ಮೊಮ್ಮಗಳು ಬೆಳೆಯುತ್ತಿರುವುದಕ್ಕೆ ಖುಷಿಪಡಬೇಕಾದಲ್ಲಿ ಅವಳ ಹೊಟ್ಟೆ ಉರಿಯಿತು. ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ತಾಯಿ ತಾನೊಬ್ಬಳೇ ಇರಬೇಕು ಎನಿಸಿ ನಾಚಿಕೆಯಾಯಿತು. ಆದರೂ ಕಿಚ್ಚು ಆರಲಿಲ್ಲ.

ಎರಡನೆಯ ವಾರ, ಹೊಲಿಗೆ ತೋರಿಸಲು ರವಿಕಾಂತ ವೈಷ್ಣವಿಯನ್ನು ಆಸ್ಪತ್ರೆಗೆ ಕರೆದೊಯ್ದ. ಹೋಗುವಾಗ ಬೆಳಗಿನ ಹತ್ತು ಗಂಟೆ. ಬಟ್ಟಲಲ್ಲಿ ಹಾಲು ಹಿಂಡಿಟ್ಟು, "ಹನ್ನೊಂದಕ್ಕ ಚಮಚದಾಗ ಕುಡಸು ವೈನಿ, ಮತ್ತೇನೂ ಮಾಡಬ್ಯಾಡ" ಎಂದು ಹೇಳಿ ಹೋದಳು.

ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಗೀಸರಿನಲ್ಲಿ ನೀರು ಕಾದಿತ್ತು. ಗಂಟಿನಲ್ಲಿದ್ದ ಮಣೆ ಎರಡು ವಾರದಿಂದ ಗಂಟಿನಲ್ಲೇ ಇತ್ತು. ಸಂಗಮ್ಮ ಬಹಳ ಹೊತ್ತು ಯೋಚಿಸಿದಳು ಎಂದರೆ ಸುಳ್ಳಾಗುತ್ತದೆ. ಒಂದೇ ಒಂದು ಸಲ, ಅದೂ ಹಗುರವಾಗಿ. ಇವರು ಬರುವಷ್ಟರಲ್ಲಿ ಕೂಸು ನೆಮ್ಮದಿಯಾಗಿ ಮಲಗಿರಬೇಕು, ಅದನ್ನು ನೋಡಿ ಮಗಳೇ ನಾಳೆಯಿಂದ ನೀನೇ ಎರೆ ಅನ್ನಬೇಕು. ಇಷ್ಟೇ ಅವಳ ಲೆಕ್ಕ.

ಬಚ್ಚಲ ಬಾಗಿಲು ಹಾಕಿ, ಕಾಲು ಚಾಚಿ, ಕೂಸನ್ನು ಮಲಗಿಸಿದಳು. ಎರಡು ಕಿಲೋ ತುಂಬದ ಕೂಸು ಅವಳ ಕಾಲುಗಳ ನಡುವೆ ಎಲ್ಲೋ ಕಳೆದೇಹೋಯಿತು. ಕೈಯನ್ನು ಎಂದೂ ಇಡದಷ್ಟು ಹಗುರವಾಗಿ ಇಟ್ಟಳು. ಸಣ್ಣ ಬೆನ್ನು, ಹೆಬ್ಬೆರಳಿನಷ್ಟು ದಪ್ಪದ ತೋಳು, ವೈಷ್ಣವಿಗೆ ಇದ್ದಂಥದೇ ಅಗಲ ಹಣೆ. ನೀವುತ್ತ ನೀವುತ್ತ ಸಂಗಮ್ಮ ಅತ್ತಳು. ಇದು ಮೊಮ್ಮಗಳೋ, ಮಗಳೋ ಅವಳಿಗೇ ತಿಳಿಯದಾಯಿತು. ಕಡಲೆ ಹಿಟ್ಟು ಹಚ್ಚಿದಳು, ನೀರು ಹೊಯ್ದಳು. ಕೂಸು ಒಮ್ಮೆ ಸಣ್ಣಗೆ ಅತ್ತು ಸುಮ್ಮನಾಯಿತು. ಒರೆಸಿ, ಬಟ್ಟೆ ಸುತ್ತಿ ಮಲಗಿಸಿದರೆ ಆಗಲೇ ನಿದ್ದೆ.

ಹನ್ನೊಂದಕ್ಕೆ ಚಮಚ ಒಯ್ದಳು. ಕೂಸು ಬಾಯಿ ತೆರೆಯಲಿಲ್ಲ. ಎರೆದು ಮಲಗಿದ ಕೂಸನ್ನು ಎಬ್ಬಿಸಬಾರದು, ಅದು ಅವಳ ವಿದ್ಯೆಯ ಮೊದಲ ಪಾಠ. ಹನ್ನೆರಡಾಯಿತು. ಕೂಸು ಮಿಸುಕಲಿಲ್ಲ. ಸಂಗಮ್ಮ ಪಕ್ಕದಲ್ಲಿ ಕೂತು ಆ ನಿದ್ದೆಯನ್ನೇ ನೋಡುತ್ತ ಬೀಗಿದಳು.

ಒಂದೂವರೆಗೆ ಬಾಗಿಲು ತೆರೆಯಿತು. "ಸಪ್ಪಳ ಮಾಡಬ್ಯಾಡ" ಎಂದಳು ಸಂಗಮ್ಮ, ಮುಖವೆಲ್ಲ ನಗು. "ನೋಡು, ಮೂರು ತಾಸು ಆಯ್ತು ಮಲಗಿ. ಇಷ್ಟ ದಿನ ಇಂಥಾ ನಿದ್ದಿ ಮಾಡಿತ್ತೇನು?"

ವೈಷ್ಣವಿ ಚಪ್ಪಲಿ ಬಿಡಲಿಲ್ಲ. ಬಂದು ಕೂಸಿನ ಪಾದ ಮುಟ್ಟಿದಳು, ತಣ್ಣಗಿತ್ತು. ಹೊಟ್ಟೆ ಮುಟ್ಟಿದಳು, ಅದೂ ತಣ್ಣಗಿತ್ತು. ಅಂಗಾಲಿಗೆ ಬೆರಳಿನಿಂದ ಹೊಡೆದಳು. ಕೂಸು ಏಳಲಿಲ್ಲ. ತುಟಿ ನೀಲಿಗಟ್ಟಿತ್ತು. ಬಗ್ಗಿ ತಲೆಯ ಹತ್ತಿರ ಮೂಗು ತಂದವಳಿಗೆ ಕಡಲೆ ಹಿಟ್ಟಿನ ವಾಸನೆ ಬಂತು.

"ಎರದಿ?"

ವೈಷ್ಣವಿ ಕುಬಸದ ಗುಂಡಿ ಕಿತ್ತು ಕೂಸನ್ನು ಬರಿ ಎದೆಗೆ ಒತ್ತಿಕೊಂಡು, ಮೇಲೆ ಶಾಲು ಹೊದ್ದು, ಬಂದ ದಾರಿಯಲ್ಲೇ ಓಡಿದಳು. ಹೊಲಿಗೆಯ ಹೊಟ್ಟೆ ಹಿಡಿದುಕೊಂಡು ನಡೆಯುತ್ತಿದ್ದವಳು ಆ ದಿನ ಮೆಟ್ಟಿಲು ಇಳಿದದ್ದನ್ನು ರವಿಕಾಂತ ಆಮೇಲೂ ಹೇಳುತ್ತಿದ್ದ.

ಆಸ್ಪತ್ರೆಯಲ್ಲಿ ಕೂಸನ್ನು ಬಿಸಿಯ ದೀಪದ ಕೆಳಗೆ ಇಟ್ಟರು, ಸೂಜಿ ಚುಚ್ಚಿ ಸಕ್ಕರೆ ನೀರು ಹನಿಸಿದರು. ದಿನ ತುಂಬದೆ ಹುಟ್ಟಿದ ಕೂಸಿಗೆ ಮೈಯ ಬಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ, ನೀರು ಬಿದ್ದು ಮೈ ತಣ್ಣಗಾಗಿದೆ, ತಣ್ಣಗಾಗಿ ಹಾಲು ಕುಡಿದಿಲ್ಲ, ಇನ್ನೊಂದು ತಾಸು ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದು ಡಾಕ್ಟರು ರವಿಕಾಂತನಿಗೆ ಹಿಂದಿಯಲ್ಲಿ ಹೇಳಿದರು. ಅದು ನಿದ್ದೆಯಲ್ಲ ಎಂದರು. ಗೋಡೆಗೆ ಆನಿಕೊಂಡಿದ್ದ ಸಂಗಮ್ಮ ಅದನ್ನು ಕೇಳಿಸಿಕೊಂಡಳು. ಥಂಡಿ ಹತ್ತುತ್ತದೆ ಎಂದು ಊರ ಬಾಣಂತಿಯರನ್ನೆಲ್ಲ ಹೆದರಿಸಿ ಓಡಿಸಿದವಳು, ಥಂಡಿ ಹತ್ತಿದ ಕೂಸಿನ ಪಕ್ಕ ಮೂರು ತಾಸು ಕೂತು ಹೆಮ್ಮೆಪಟ್ಟಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಹದಿನೈದು ವರ್ಷದ ಹೆಸರು ಒಂದು ಬೆಳಿಗ್ಗೆಗೆ ಒಡೆಯಿತು. ಹೆಸರು ಹೋದರೆ ಹೋಗಲಿ. ಗಾಜಿನ ಆಚೆ ಆ ಸಣ್ಣ ಎದೆ ಏರಿಳಿಯುವುದನ್ನು ಎಣಿಸುತ್ತ ನಿಂತಳು.

ಕೂಸು ಉಳಿಯಿತು. ಮೂರನೆಯ ದಿನ ಕಣ್ಣು ತೆರೆದು ಹಾಲು ಕುಡಿಯಿತು. ಆಗ ನರ್ಸು ಬಂದು, ಇನ್ನು ಎರಡು ವಾರ ಕೂಸನ್ನು ಮೈಗೆ ಮೈ ಹಚ್ಚಿ ಎದೆಯ ಮೇಲೆ ಇಟ್ಟುಕೊಳ್ಳಬೇಕು, ದಿನಕ್ಕೆ ಮೂರು ಸಲ ಮೈ ನೀವಬೇಕು, ತಾಯಿ ಒಬ್ಬಳಿಂದ ಆಗದು, ಮನೆಯ ಇನ್ನೊಬ್ಬ ಹೆಂಗಸಿನ ಹೆಸರು ಬರೆಸಿ ಎಂದಳು. ಒಬ್ಬರು ಮಾತ್ರ, ದಿನಕ್ಕೊಬ್ಬರನ್ನು ಬದಲಿಸುವಂತಿಲ್ಲ.

ಸಂಗಮ್ಮ ಬೆಂಚಿನಿಂದ ಎದ್ದು ನಿಂತಳು.

"ನಮ್ಮ ಅತ್ತಿ ಹೆಸರು ಬರೀರಿ" ಎಂದಳು ವೈಷ್ಣವಿ. "ರುಕ್ಮಿಣಿಬಾಯಿ. ಚಾಂದವಡ್‌ದಾಗ ದೊಡ್ಡ ಮಗನ ಮನ್ಯಾಗ ಇದ್ದಾರ, ಸಂಜಿಕೆ ಬರ್ತಾರ."

ನರ್ಸು ಹೋದ ಮೇಲೆ ತಾಯಿ ಮಗಳು ಇಬ್ಬರೇ ಉಳಿದರು. "ನಂದ ತಪ್ಪು ಆಯ್ತವ್ವಾ" ಎಂದಳು ಸಂಗಮ್ಮ. "ನಿನಗ ಎರಿಲಕ ಆಗಲಿಲ್ಲಂತ, ಇದಕ್ಕಾದ್ರೂ ಒಂದ್ಸಲ..."

"ನನಗ ಯಾಕ ಎರಿಲಿಲ್ಲ?"

"ಬಿಡಲಿಲ್ಲ, ನಿಮ್ಮ ಅಜ್ಜಿ. ನಾ ಕೇಳಿದೆ. ದಿನಾ ಕೇಳಿದೆ."

"ಕೇಳಬಾರದಿತ್ತು ವೈನಿ. ಕಸಗೋಬೇಕಿತ್ತು." ವೈಷ್ಣವಿಯ ದನಿ ಏರಲಿಲ್ಲ. "ಆವಾಗ ಅವರ ಕೈಯಾಗಿಂದ ಕಸಗೊಳ್ಳಲಿಕ್ಕ ನಿನಗ ಧೈರ್ಯ ಆಗಲಿಲ್ಲ. ಈಗ ನನ್ನ ಕೈಯಾಗಿಂದ ಕಸಗೊಂಡಿ."

ಇಪ್ಪತ್ತೈದು ವರ್ಷದಲ್ಲಿ ಮಗಳು ಆಡಿದ ಮೊದಲ ಜಗಳ ಅದು. ಬಂದದ್ದೂ ಬಂತು, ತಾಯಿಗೆ ಎದುರಾಡಲು ಒಂದು ಮಾತೂ ಉಳಿಸದ ಹಾಗೆ ಬಂತು.

ರುಕ್ಮಿಣಿಬಾಯಿ ಸಂಜೆ ಬಂದಳು. ಒಳ್ಳೆಯ ಹೆಂಗಸು, ಸ್ವಲ್ಪ ಅಂಜುಬುರುಕಿ. ದೊಡ್ಡ ಮಗನ ಈರುಳ್ಳಿ ವ್ಯಾಪಾರದ ಮನೆಯಲ್ಲಿ ಇಪ್ಪತ್ತು ಆಳಿಗೆ ಅಡುಗೆ ಮಾಡಿ ಹಾಕಬಲ್ಲಳು, ಆದರೆ ಎರಡು ಕಿಲೋದ ಕೂಸು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಮಾರನೆಯ ಬೆಳಿಗ್ಗೆ ಒಳಗೆ ಹೋದವಳು ಐದೇ ನಿಮಿಷಕ್ಕೆ ಹೊರಗೆ ಬಂದು ಬೆಂಚಿನ ಮೇಲೆ ಕುಸಿದಳು.

"ಬೀಗತೇರ, ನನ್ನ ಕೈಲೆ ಆಗದಿಲ್ರಿ. ನಾ ಹಡದಾಗೂ ಎರಿಯವರು ಬ್ಯಾರೆ ಇದ್ದರು, ನಾ ಒಂದಿನಾ ಮುಟ್ಟಿದಾಕಿ ಅಲ್ಲ. ನರ್ಸ್ ಮರಾಠ್ಯಾಗ ಪಟಪಟಾ ಹೇಳ್ತಾಳ. ನಾ ಹಚ್ಚಿದ ಕೂಡ್ಲೇ ಕೂಸು ಚೀರತದ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು, ಏನೂ ತಿಳೀವಲ್ದು."

ಸಂಗಮ್ಮ ಅವಳ ಹತ್ತಿರ ಸರಿದು ಕೂತಳು. ಆಮೇಲೆ, "ಕೈ ಕೊಡ್ರಿ ಇಲ್ಲಿ" ಎಂದಳು.

ರುಕ್ಮಿಣಿಬಾಯಿಯ ಬಳೆಗಳನ್ನು ಮೇಲಕ್ಕೆ ಸರಿಸಿ, ಅವಳ ಮುಂಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ತನ್ನ ಎರಡೂ ಅಂಗೈ ತಿಕ್ಕಿ ಬಿಸಿ ಮಾಡಿಕೊಂಡಳು. ಪ್ರೇಮಾಬಾಯಿಯಿಂದ ಕಲಿತದ್ದರಲ್ಲಿ ಒತ್ತುವುದನ್ನೆಲ್ಲ ಬಿಟ್ಟಳು, ತೀಡುವುದನ್ನು ಬಿಟ್ಟಳು. ಎರಡು ವಾರ ಮಗಳು ಹಾಸಿಗೆಯ ಮೇಲೆ ತಡವರಿಸುತ್ತ ಮಾಡಿದ್ದನ್ನು ನೆನಪಿಸಿಕೊಂಡು, ಅದಕ್ಕೆ ತನ್ನ ಹದ ಸೇರಿಸಿದಳು. "ಮ್ಯಾಲಿಂದ ಕೆಳಗ, ಹಿಂಗ. ಕೈ ಎತ್ತಬ್ಯಾಡ್ರಿ, ಒಂದು ಕೈ ಮೈಮ್ಯಾಲ ಇರಲೇಬೇಕು. ಚರ್ಮ ಸರೀಬೇಕು, ಎಲುಬಿಗಿ ಹತ್ತಬಾರದು. ಅತ್ತರ ನಿಲ್ಲಸ್ರಿ, ಕೈ ಅಲ್ಲೇ ಇಡ್ರಿ, ಮುಖ ನೋಡಿ ಮಾತಾಡ್ರಿ. ಅದು ಹೂಂ ಅಂದ ಮ್ಯಾಲ ಮುಂದ." ಮೂರು ಸಲ ಮಾಡಿ ತೋರಿಸಿದಳು. ನಾಲ್ಕನೆಯ ಸಲ ತನ್ನ ತೋಳು ಚಾಚಿ ರುಕ್ಮಿಣಿಬಾಯಿಯಿಂದ ಮಾಡಿಸಿಕೊಂಡಳು. ತಪ್ಪಿದಲ್ಲಿ ತಿದ್ದಿದಳು.

ರುಕ್ಮಿಣಿಬಾಯಿ ಒಳಗೆ ಹೋದಳು. ಅರ್ಧ ತಾಸಾಯಿತು. ಗಾಜಿನ ಆಚೆ ಕೂಸು ಅವಳ ಎದೆಯ ಮೇಲೆ ಕವುಚಿ ಮಲಗಿತ್ತು. ಬೆನ್ನ ಮೇಲೆ ಮೇಲಿನಿಂದ ಕೆಳಗೆ ಆ ದಪ್ಪ ಕೈ ನಿಧಾನ ಹೋಗಿ ಬರುತ್ತಿತ್ತು. ಅಳು ಕೇಳಲಿಲ್ಲ. ಪಕ್ಕದಲ್ಲಿ ಕೂತ ವೈಷ್ಣವಿ ಅತ್ತೆಯ ಕಡೆ ತಿರುಗಿ ಏನೋ ಕೇಳಿದ್ದು ಸಂಗಮ್ಮನಿಗೆ ಕಂಡಿತು, ಏನೆಂದು ಕೇಳಿಸಲಿಲ್ಲ.

ಹೊರಗೆ ಬಂದ ರುಕ್ಮಿಣಿಬಾಯಿಯ ಮುಖ ಅರಳಿತ್ತು. ಸಂಗಮ್ಮನ ಪಕ್ಕ ಕೂತು ಅವಳ ಎರಡೂ ಕೈ ಹಿಡಿದುಕೊಂಡಳು. "ಚೀರಲಿಲ್ರಿ, ಒಟ್ಟ ಚೀರಲಿಲ್ಲ. ಇಷ್ಟ ಛಂದ ಯಾರು ಕಲಿಸಿದರು ಅಂತ ವೈಷ್ಣವಿ ಕೇಳಿದಳು." ಅಷ್ಟು ಹೇಳಿ ಮುಖ ತಗ್ಗಿಸಿದಳು. "ನರ್ಸ್ ಅಂದೆ. ನಿಮ್ಮ ಹೆಸರು ಹೇಳಿದ್ರ ನನ್ನನ್ನೂ ಕೈ ಹಚ್ಚಗೊಡ್ತಿದ್ದಿಲ್ಲರಿ ಆಕಿ. ತಪ್ಪು ತಿಳಕೋಬ್ಯಾಡ್ರಿ."

"ಛಲೋ ಮಾಡಿದ್ರಿ" ಎಂದಳು ಸಂಗಮ್ಮ. "ನಾಳಿಗೂ ಹಂಗೇ ಅನ್ರಿ."